ಯಂತ್ರ ವಿಚಾರ: ಹಳೆಯ ಸ್ಪಿಟ್‌ಫೈರ್ ಕಾರಿನ ಚುಕ್ಕಾಣಿ

ಈ ತಿಂಗಳ ಅಂಕಣಕ್ಕೆ ನಾವು ಮೋಟಾರು ಗಾಡಿಯ ಚುಕ್ಕಾಣಿಯ ವಿಚಾರವನ್ನು ಎತ್ತಿಕೊಂಡಿದ್ದೇವೆ. ಅದರಲ್ಲಿಯೂ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹಳೆಯ ಇಂಗ್ಲಿಷ್ ಕ್ರೀಡಾ ಕಾರಿನ ಚುಕ್ಕಾಣಿಯನ್ನು. ಹೊಸೂರು, ಕಾಸರಗೋಡು, ಸೊಲ್ಲಾಪುರದ ಕಡೆಯ ನಮ್ಮ ಮನೆಗಳಿಗೂ ಇಂಗ್ಲೆಂಡಿನ ಆ ಗಾಡಿಗೂ ಏನು ನಂಟು ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಸ್ಪಿಟ್‌ಫೈರ್ ಭಾರತದಲ್ಲಿ ತಯಾರಾದ ಗಾಡಿಯಲ್ಲವೆಂಬುದು ನಿಜ. ಆದರೆ ಅದರ ಮುಂಗಾಲಿಗಳನ್ನು ಹಿಡಿದಿರುವ ಎಲುಬು ಕೀಲುಗಳ ರಚನೆಯೇ ಮದರಾಸಿನಲ್ಲಿ 1961ರಿಂದ ತಯಾರಾಗತೊಡಗಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯಲ್ಲಿಯೂ ಇದ್ದಿತು. ಆ ಹೆರಾಲ್ಡ್ ನಮ್ಮ ಊರುಗಳಿಗೆ ಹೊಸದಲ್ಲ. ಡಾಕ್ಟರ ಮನೆಯ ಮುಂದೆ, ತೋಟದ ಯಜಮಾನರ ಅಂಗಳದಲ್ಲಿ ಅದನ್ನು ಕಂಡು ಬೆಳೆದವರು ನಮ್ಮ ವಾಚಕರಲ್ಲಿ ಹಲವರಿದ್ದಾರೆ. ತಾತನ ಕಾಲದ ಗಾಡಿಯನ್ನು ಮುಸುಕು ತೆಗೆದು ಮರಳಿ ರಸ್ತೆಗಿಳಿಸಬೇಕೆಂಬ ಉತ್ಸಾಹ ಈಚೆಗೆ ಎಳೆಯರಲ್ಲಿ ಕಾಣುತ್ತಿದೆ. ಉತ್ಸಾಹ ಮೆಚ್ಚತಕ್ಕದ್ದೇ. ಬಣ್ಣ ಹೊಡೆಸುವುದಕ್ಕೂ ಕ್ರೋಮಿಯಂ ಹೊಳಪಿಸುವುದಕ್ಕೂ ಮೊದಲು ಅವರು ಮುಂಗಾಲಿಯ ಕೀಲುಗಳನ್ನು ನೋಡಿಕೊಳ್ಳಬೇಕೆಂಬ ಕಳಕಳಿಯಿಂದ ಇಷ್ಟು ಬರೆಯುತ್ತಿದ್ದೇವೆ.

ಮೊದಲು ಗಾಡಿಯ ಕುಲಗೋತ್ರವನ್ನು ಸ್ವಲ್ಪ ತಿಳಿಯೋಣ. ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದಿತು. ಆ ವೇಳೆಗೆ ಅನೇಕ ಕಾರ್ಖಾನೆಗಳು ಮೈಯನ್ನೂ ಷಾಸಿಯನ್ನೂ ಒಂದುಗೂಡಿಸಿ ಒಂದೇ ಪೆಟ್ಟಿಗೆಯಂತೆ ಕಟ್ಟುವ ಪದ್ಧತಿಗೆ ಬಂದಿದ್ದವು. ಟ್ರಯಂಫ್ ಮಾತ್ರ ಹಿಂದಿನ ರೂಢಿಯಂತೆ ಬೇರೆಯೇ ಆದ ಉಕ್ಕಿನ ಷಾಸಿಯನ್ನು ಕಟ್ಟಿ, ಅದರ ಮೇಲೆ ಮೈಯ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿತು. ಅವರಿಗೆ ಮೈ ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಂಪನಿ 1953ರಲ್ಲಿ ಪ್ರತಿಸ್ಪರ್ಧಿಯಾದ ಬಿ.ಎಂ.ಸಿ. ಸಂಸ್ಥೆಯ ಕೈ ಸೇರಿದ್ದುದು ಇದಕ್ಕೆ ದೊಡ್ಡ ಕಾರಣ. ಆ ಷಾಸಿಯನ್ನು ಮೊಟಕುಗೊಳಿಸಿ, ಇಟಲಿಯ ಜೊವಾನಿ ಮೈಕಲೋಟಿ ಎಂಬ ವಿನ್ಯಾಸಕಾರ ರೂಪಿಸಿದ ಚೆಲುವಾದ ತೆರೆದ ಮೈಯನ್ನು ತೊಡಿಸಿದಾಗ ಸ್ಪಿಟ್‌ಫೈರ್ ಆಯಿತು. 1962ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು. ಮೊದಲ ಗಾಡಿಗಳ ಎಂಜಿನ್ 1147 ಸಿ.ಸಿ.ಯದು, ತೂಕ ಸುಮಾರು 700 ಕಿಲೋಗ್ರಾಂ. ಎರಡನೆಯ ಮಹಾಯುದ್ಧದ ಪ್ರಖ್ಯಾತ ವಿಮಾನದ ಹೆಸರನ್ನೇ ಅದಕ್ಕೆ ಇಟ್ಟರು. ಐದು ರೂಪಗಳಲ್ಲಿ, 1980ರ ಆಗಸ್ಟಿನವರೆಗೆ, ಮೂರು ಲಕ್ಷಕ್ಕೂ ಮಿಗಿಲಾದ ಸ್ಪಿಟ್‌ಫೈರ್‌ಗಳು ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಿಂದ ಹೊರಟವು.

ಈ ಗಾಡಿಯ ಚುಕ್ಕಾಣಿಗೆ ಒಂದು ಹೆಗ್ಗಳಿಕೆಯುಂಟು. 24 ಅಡಿಯ ವೃತ್ತದೊಳಗೆ ಅದು ಪೂರ್ತಿಯಾಗಿ ಹಿಂದಿರುಗಬಲ್ಲುದು. ಲಂಡನ್ನಿನ ಟ್ಯಾಕ್ಸಿಗಳಿಗೆ ಅಲ್ಲಿನ ಅಧಿಕಾರಿಗಳು ವಿಧಿಸಿದ್ದ 25 ಅಡಿಯ ನಿಯಮವು ಕಠಿಣವೆಂದು ಹೆಸರಾದದ್ದು; ಸ್ಪಿಟ್‌ಫೈರ್ ಅದಕ್ಕಿಂತಲೂ ಒಂದಡಿ ಕಡಮೆಯಲ್ಲಿ ತಿರುಗುತ್ತದೆ. ಹೆರಾಲ್ಡಿನದು 25 ಅಡಿ. ತಾಳವಾಡಿಯ ಕಡೆಯವರು ದಿಂಬಂ ಘಟ್ಟದ 27 ಹಿಮ್ಮುರಿ ತಿರುವುಗಳನ್ನು ನೆನೆದರೆ ಈ ಗುಣದ ಬೆಲೆ ತಾನೇ ತಿಳಿಯುತ್ತದೆ. ಷಾಸಿ ಮುಂಭಾಗದಲ್ಲಿ ಕಿರಿದಾಗಿರುವುದರಿಂದ ಮುಂಗಾಲಿಗಳು ಬೇರೆ ಗಾಡಿಗಳಲ್ಲಿ ಹೊರಳಲಾರದಷ್ಟು ಹೊರಳುತ್ತವೆ. ಆದರೆ ಹೀಗೆ ಬಹಳ ಹೊರಳುವ ಕೀಲಿಗೆ ಸವೆತವೂ ಬಹಳ; ಅದರ ಆರೈಕೆ ತಪ್ಪಿದರೆ ಆಗುವ ಕೇಡೂ ಬಹಳ.

ಚಾಲಕನ ಕೈಯಿಂದ ಗಾಲಿಯವರೆಗೆ ಇರುವ ಸರಪಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಚುಕ್ಕಾಣಿ ಚಕ್ರದ ಕೆಳಗೆ ಉದ್ದನೆಯ ದಂಡ. ಅದರ ತುದಿಯಲ್ಲಿ ರಬ್ಬರಿನ ಒಂದು ಜೋಡಣೆ. ಅದರಾಚೆ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ. ಪಿನಿಯನ್ ತಿರುಗಿದಂತೆ ಅದಕ್ಕೆ ಹಲ್ಲುಕೊಟ್ಟಿರುವ ರ್‍ಯಾಕ್ ಎಂಬ ಅಡ್ಡ ಸರಳು ಎಡಕ್ಕೋ ಬಲಕ್ಕೋ ಜಾರುತ್ತದೆ. ರ್‍ಯಾಕಿನ ಎರಡು ಕೊನೆಗಳಿಂದ ಹೊರಟ ಟೈರಾಡುಗಳು ಗಾಲಿಗಳ ತೋಳನ್ನು ಎಳೆಯುತ್ತವೆ ಇಲ್ಲವೆ ತಳ್ಳುತ್ತವೆ. ಗಾಲಿಯನ್ನು ಹೊತ್ತಿರುವುದು ಉಕ್ಕಿನ ಒಂದು ನಿಲುದಂಡ. ಅದರ ನೆತ್ತಿ ಮೇಲಿನ ಕವೆತೋಳಿಗೆ ಗೋಲಿ ಕೀಲಿನಿಂದ ಸೇರಿದೆ. ಅದರ ಬುಡ ಕೆಳಗಿನ ಕವೆತೋಳಿಗೆ ಟ್ರನಿಯನ್ ಎಂಬ ಕೀಲಿನಿಂದ ಸೇರಿದೆ. ಇದರಲ್ಲಿ ಶಕ್ತಿಯ ನೆರವೇನೂ ಇಲ್ಲ. ಎಲ್ಲವೂ ಕೈಯ ಬಲವೇ. ಹಿಂದಿನ ಟಿ.ಆರ್. 2, ಟಿ.ಆರ್. 3 ಕ್ರೀಡಾ ಕಾರುಗಳಲ್ಲಿ ಪೆಟ್ಟಿಗೆ ಚುಕ್ಕಾಣಿ ಇದ್ದಿತು; 1961ರ ಟಿ.ಆರ್. 4ಕ್ಕೆ ಮಾತ್ರ ರ್‍ಯಾಕ್ ಬಂದಿತು. ಹೆರಾಲ್ಡಿಗೆ ಅದು 1959ರಲ್ಲಿಯೇ ಇದ್ದುದನ್ನು ನೋಡಿದರೆ, ಬಡ ತಮ್ಮನಿಗೆ ಅಣ್ಣನಿಗಿಂತ ಮೊದಲೇ ಒಳ್ಳೆಯ ಅಂಗಿ ದೊರೆತಂತಾಯಿತು.

ಈಗ ಟ್ರನಿಯನ್ನಿನ ಮಾತು. ಈ ಲೇಖನದ ಬಹುಭಾಗ ಅದಕ್ಕೇ ಸಲ್ಲಬೇಕು. ಏಕೆಂದರೆ ಉಳಿದ ದೋಷಗಳು ಗಾಡಿಯನ್ನು ಒಡ್ಡೊಡ್ಡಾಗಿ ಮಾಡುತ್ತವೆ, ಇದು ಗಾಲಿಯನ್ನೇ ಕಳಚುತ್ತದೆ.

ಟ್ರನಿಯನ್ ಎಂಬುದು ಹಿತ್ತಾಳೆಯ ಜಾತಿಯ ಹಳದಿ ಲೋಹದ, ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಎರಕ. ಅದರ ಒಳಗೆ ತಿರುಪು ಕೊರೆದಿದೆ. ನಿಲುದಂಡದ ಬುಡದಲ್ಲಿಯೂ ತಿರುಪು ಇದ್ದು, ಬೋಲ್ಟು ನಟ್ಟಿನೊಳಗೆ ಇಳಿಯುವಂತೆ ಅದು ಇದರೊಳಗೆ ಇಳಿದು ನಿಲ್ಲುತ್ತದೆ. ಗಾಲಿ ಹೊರಳಿದಾಗಲೆಲ್ಲ ಈ ಬೋಲ್ಟು ಆ ನಟ್ಟಿನೊಳಗೆ ಸುತ್ತುತ್ತದೆ. ಸುರುಳಿ ಸ್ಪ್ರಿಂಗು ಕೆಳಗಿನ ಕವೆತೋಳನ್ನು ಒತ್ತುವುದರಿಂದ, ಗಾಡಿಯ ಮುಂಭಾಗದ ಭಾರವೆಲ್ಲ ಈ ಎರಡು ತಿರುಪುಗಳ ಮೂಲಕವೇ ನೆಲ ಸೇರಬೇಕು. ರಸ್ತೆಯ ಗುಂಡಿಯ ಪೆಟ್ಟು, ಬ್ರೇಕಿನ ಎಳೆತ, ತಿರುವಿನ ತಳ್ಳು, ಎಲ್ಲಕ್ಕೂ ಇದೇ ಗತಿ.

ಇಂಥ ಕೀಲಿಗೆ ಕಾರ್ಖಾನೆಯವರು ಹೇಳಿದ ಮದ್ದು ಎಣ್ಣೆ, ಗ್ರೀಸ್ ಅಲ್ಲ. ಗಿಯರ್ ಪೆಟ್ಟಿಗೆಗೆ ಹಾಕುವ ಇ.ಪಿ. 90 ಎಂಬ ದಪ್ಪನೆಯ ಎಣ್ಣೆಯನ್ನು ಟ್ರನಿಯನ್ನಿನ ಬಟ್ಟಲಿಗೆ ತುಂಬಬೇಕು. ಅದು ಬುಡದಲ್ಲಿ ನಿಂತು, ಗಾಲಿ ಹೊರಳಿದಂತೆ ತಿರುಪಿನ ಹೊರಳುಗಳನ್ನು ಹಿಡಿದು ಮೇಲೇರಿ, ಉಕ್ಕಿನ ಕತ್ತಿನವರೆಗೂ ತೋಯಿಸುತ್ತದೆ. ಗ್ರೀಸಿಗೆ ಈ ಹರಿವಿಲ್ಲ. ಗನ್ನಿನಿಂದ ಒತ್ತಿದಾಗ ಒಂದು ಬದಿಯಲ್ಲಿ ದಾರಿ ಮಾಡಿಕೊಂಡು ಹೊರಬರುತ್ತದೆ. ಹಾಕಿದವನು ಕೆಲಸವಾಯಿತೆಂದು ಕೈ ಒರೆಸಿಕೊಳ್ಳುತ್ತಾನೆ. ಒಳಗೆ ಉಳಿದ ಗ್ರೀಸ್ ವರ್ಷಗಳು ಕಳೆದಂತೆ ಒಣಗಿ ಮೇಣವಾಗುತ್ತದೆ. ಮೇಲಿನ ರಬ್ಬರ್ ಉಂಗುರ ಶಿಥಿಲವಾದೊಡನೆ ಮಳೆನೀರು ಇಳಿದು, ಆ ಮೇಣದ ಕೆಳಗೆ ನಿಂತು ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ತುಕ್ಕು ಹಿಡಿದ ತಿರುಪು ಬಿಗಿಯಾಗುತ್ತದೆ. ಚಾಲಕ ಚಕ್ರ ತಿರುಗಿಸಿದಾಗ ನಿಲುದಂಡ ಕೀಲಿನೊಳಗೆ ಸುಲಭವಾಗಿ ಸುತ್ತದೆ, ತನ್ನ ಕತ್ತನ್ನೇ ತಿರುಚಿಕೊಳ್ಳುತ್ತದೆ. ದಿನಕ್ಕೆ ನೂರಾರು ಬಾರಿ ಹೀಗೆ ತಿರುಚಿಕೊಂಡ ಕತ್ತಿನಲ್ಲಿ, ತುಕ್ಕು ತಿಂದು ಸಣ್ಣ ಕುಳಿಯಾದ ಕಡೆ, ಕೂದಲಿನಂಥ ಬಿರುಕು ಹುಟ್ಟುತ್ತದೆ. ಪ್ರತಿ ತಿರುಚಿನಲ್ಲಿಯೂ ಅದು ಒಳಗೆ ಬೆಳೆಯುತ್ತದೆ. ಒಂದು ದಿನ ಟಕ್ಕೆಂದು ದಂಡ ಎರಡಾಗುತ್ತದೆ. ಆಗ ಕೆಳಗಿನ ತೋಳಿಗೂ ಗಾಲಿಗೂ ಸಂಬಂಧವಿಲ್ಲ. ಗಾಡಿಯ ಮೂಲೆ ನೆಲಕ್ಕೆ ಕುಸಿಯುತ್ತದೆ, ಗಾಲಿ ಮಡ್‌ಗಾರ್ಡಿನೊಳಗೆ ಮಡಿಚಿಕೊಳ್ಳುತ್ತದೆ, ಚಾಲಕನ ಕೈಯಲ್ಲಿರುವ ಚಕ್ರ ಬರಿಯ ಆಟಿಕೆಯಾಗುತ್ತದೆ.

ಅನೇಕ ವೇಳೆ ಇದು ಸಂಭವಿಸುವುದು ಗಾಡಿ ನಿಂತಿರುವಾಗ ಅಥವಾ ನಿಧಾನವಾಗಿ ಹಿಂದಕ್ಕೆ ಸರಿಯುವಾಗ. ನಿಂತ ಗಾಲಿಯನ್ನು ಪೂರ್ತಿ ಹೊರಳಿಸುವಾಗಲೇ ಕೀಲಿನ ಮೇಲೆ ಅತಿ ಹೆಚ್ಚಿನ ತಿರುಚು ಬೀಳುವುದರಿಂದ, ದುರ್ಬಲವಾದ ದಂಡ ಅಲ್ಲಿಯೇ ಸೋಲುತ್ತದೆ. ಇದು ಭಾಗ್ಯವೆಂದೇ ಹೇಳಬೇಕು. ಆದರೆ ಎಲ್ಲ ವೇಳೆಯೂ ಹಾಗೆಯೇ ಆಗುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಬಿರುಕು ಬಹುಪಾಲು ಬೆಳೆದ ದಂಡಕ್ಕೆ ಘಟ್ಟದ ಇಳಿಜಾರಿನ ಒಂದು ಗುಂಡಿಯ ಪೆಟ್ಟೂ ಸಾಕು. ನಿಂತ ಗಾಲಿಯನ್ನು ಬಲವಂತದಿಂದ ಹೊರಳಿಸುವ ಅಭ್ಯಾಸ ಈ ಗಾಡಿಗೆ ಒಳ್ಳೆಯದಲ್ಲ. ಒಂದಂಗುಲವಾದರೂ ಗಾಡಿ ಚಲಿಸುತ್ತಿರುವಾಗ ತಿರುಗಿಸುವುದು ಲೇಸು.

ಹಾಗಾದರೆ ಇಷ್ಟೊಂದು ಗಾಡಿಗಳಿಗೆ ಗ್ರೀಸ್ ತುಂಬಿದ್ದೇಕೆ? ಟ್ರನಿಯನ್ನಿಗೆ ಗ್ರೀಸ್ ನಿಪ್ಪಲಿನಂಥದೇ ಮೂತಿಯನ್ನು ಹಾಕುವ ಏರ್ಪಾಡಿತ್ತು. ನಿಪ್ಪಲು ಕಂಡಲ್ಲಿ ಗ್ರೀಸ್ ಗನ್ ಹಿಡಿಯುವುದು ಕೆಲಸಗಾರನ ರೂಢಿ. ಮೋರಿಸ್ ಮೈನರ್ ಎಂಬ ಗಾಡಿಯ ಮುಂಭಾಗದಲ್ಲಿಯೂ ತಿರುಪು ಕೀಲುಗಳಿದ್ದವು. ಅವಕ್ಕೆ ಗ್ರೀಸೇ ಸರಿಯಾದ ಮದ್ದು. ನಮ್ಮಲ್ಲಿ ಅಂಬಾಸಿಡರ್ ಗಾಡಿಗೆ ಗ್ರೀಸ್ ಒತ್ತಿ ಪಳಗಿದ ಕೈ ಹೆರಾಲ್ಡಿನ ಅಡಿಗೆ ಹೋದಾಗ ಗನ್ನನ್ನು ಬದಲಾಯಿಸಲಿಲ್ಲ. ಅಂಥ ಕೆಲಸಗಾರರನ್ನು ನಾವು ದೂರುವುದಿಲ್ಲ. ಎಣ್ಣೆಗಾಗಿ ಬೇರೊಂದು ಗನ್ ಇಟ್ಟುಕೊಂಡಿದ್ದ ಅಂಗಡಿಗಳೇ ವಿರಳ. ಮಾಲೀಕರ ಕೈಪಿಡಿ ಕೈಚೀಲದಂಥ ಅರೆಯಲ್ಲಿ ಮಲಗಿರುತ್ತಿತ್ತು, ಓದಿದವರು ಕಡಮೆ. ಬಂಡಿಯ ಕಾಲದ ನಮ್ಮ ಹಿರಿಯರು ಅಚ್ಚಿಗೆ ಯಾವ ಕೀಲೆಣ್ಣೆ, ಎಷ್ಟು ಹರಿದಾರಿಗೊಮ್ಮೆ ಎಂಬುದನ್ನು ಬಾಯಿಪಾಠವಾಗಿ ಬಲ್ಲವರಾಗಿದ್ದರು. ಇನ್ನು ಕೆಲವರು ಎಣ್ಣೆ ತುಂಬಿದಾಗ ಗಾಲಿಯ ಬುಡದಲ್ಲಿ ನಾಲ್ಕು ತೊಟ್ಟು ಸೋರಿದ್ದನ್ನು ಕಂಡು, ಅಂಗಳ ಕೊಳೆಯಾಗುತ್ತದೆಂದು ಮತ್ತೆ ಗ್ರೀಸಿಗೇ ಮರಳಿದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂಬ ಗಾದೆಯನ್ನು ಮಾಡಿದವರು ಇವರನ್ನು ಕಂಡಿದ್ದರೋ ಏನೋ. ಗ್ರೀಸನ್ನು ಅಡಿಗಡಿಗೆ ತುಂಬುತ್ತಿದ್ದರೆ ತೊಂದರೆಯಿಲ್ಲವೆಂದು ವಾದಿಸುವ ಮಾಲೀಕರು ಇಂಗ್ಲೆಂಡಿನಲ್ಲಿಯೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಆ ವಾದಕ್ಕೆ ಕಿವಿಗೊಡಬೇಕಾಗಿಲ್ಲ.

ಎಣ್ಣೆ ಹಾಕುವ ಕ್ರಮ ಹೀಗೆ. ಮುಂಗಾಲಿಗಳನ್ನು ಜಾಕಿನಿಂದ ಎತ್ತಿ, ಷಾಸಿಯ ಕೆಳಗೆ ಗಟ್ಟಿಯಾದ ಆನಿಕೆ ಕೊಟ್ಟು, ಭಾರ ತಪ್ಪಿಸಬೇಕು. ಜಾಕೊಂದನ್ನೇ ನಂಬಿ ಅಡಿಗೆ ಹೋಗಬಾರದು. ಟ್ರನಿಯನ್ನಿನ ಬದಿಯಲ್ಲಿರುವ ಬಿರಡೆಯನ್ನು ತೆಗೆದು ನಿಪ್ಪಲನ್ನು ಕೂರಿಸಬೇಕು. ಹೊಸ ಗನ್ನೊಂದಕ್ಕೆ ಇ.ಪಿ. 90 ಎಣ್ಣೆ ತುಂಬಿ, ನಿಲುದಂಡದ ಕತ್ತಿನ ರಬ್ಬರಿನ ಅಂಚಿನಲ್ಲಿ ಎಣ್ಣೆ ಇಣುಕುವವರೆಗೆ ಒತ್ತಬೇಕು. ಚಕ್ರವನ್ನು ಎರಡೂ ಕೊನೆಗಳವರೆಗೆ ತಿರುಗಿಸಿ ಮತ್ತೊಮ್ಮೆ ಒತ್ತಬೇಕು. ಎಷ್ಟು ಒತ್ತಿದರೂ ಎಣ್ಣೆ ಮೇಲೆ ಬಾರದಿದ್ದರೆ, ಒಳಗೆ ಹಳೆಯ ಗ್ರೀಸ್ ಗಡ್ಡೆ ಕಟ್ಟಿದೆಯೆಂದು ತಿಳಿದು ಕೀಲನ್ನು ಬಿಚ್ಚಲೇಬೇಕು. ಇಂಥ ಹಳೆಯ ಗಾಡಿಗಳು ವರ್ಷದಲ್ಲಿ ಓಡುವುದು ಕಡಮೆಯಾದ್ದರಿಂದ ಮೈಲಿಯ ಲೆಕ್ಕ ಹಿಡಿಯುವುದಕ್ಕಿಂತ ಆರು ತಿಂಗಳಿಗೊಮ್ಮೆ, ಮುಂಗಾರಿಗೆ ಮುಂಚೆ ಒಮ್ಮೆ ಮತ್ತು ಮಳೆಗಾಲ ಕಳೆದ ಮೇಲೆ ಒಮ್ಮೆ ಎಂದು ನೆನಪಿಡುವುದು ಅನುಕೂಲ.

ಬಿಚ್ಚಿದಾಗ ತಿರುಪನ್ನು ಸೀಮೆಎಣ್ಣೆಯಿಂದ ತೊಳೆದು ಹಗಲ ಬೆಳಕಿನಲ್ಲಿ ನೋಡಬೇಕು. ಹೊರಳುಗಳ ಅಂಚು ಚೂಪಾಗಿ ಸವೆದಿದ್ದರೆ, ಕತ್ತಿನಲ್ಲಿ ತುಕ್ಕಿನ ಕುಳಿಗಳಿದ್ದರೆ ಆ ದಂಡವನ್ನು ಮತ್ತೆ ಹಾಕಬಾರದು. ಬೆಸುಗೆ ಹಾಕಿಸುತ್ತೇನೆ, ಲೇತಿನಲ್ಲಿ ತುಂಬಿಸುತ್ತೇನೆ ಎಂಬ ಮಾತು ಇಲ್ಲಿ ಬೇಡವೇ ಬೇಡ. ಕಣ್ಣಿಗೆ ಚೆನ್ನಾಗಿ ಕಾಣುವ ದಂಡವನ್ನೂ ಬಿರುಕು ಹಿಡಿದು ತೋರಿಸುವ ಬಣ್ಣದ ದ್ರಾವಣದಿಂದ ಪರೀಕ್ಷಿಸಿಕೊಳ್ಳುವುದು ಉತ್ತಮ. ಹೊಸೂರಿನಂಥ ಕೈಗಾರಿಕೆಯ ಊರಿನಲ್ಲಿ ಈ ಪರೀಕ್ಷೆ ಮಾಡಬಲ್ಲವರು ದುರ್ಲಭರಲ್ಲ. ಎಡಬಲಗಳ ತಿರುಪುಗಳು ಪರಸ್ಪರ ವಿರುದ್ಧ ಸುತ್ತಿನವು ಎಂಬುದನ್ನು ಮರೆಯಬಾರದು. ಮರಳಿ ಜೋಡಿಸುವಾಗ ಟ್ರನಿಯನ್ನನ್ನು ಕೊನೆಯವರೆಗೆ ತಿರುಪಿ, ಅನಂತರ ಸ್ವಲ್ಪ ಹಿಂದಕ್ಕೆ ಸಡಿಲಿಸಬೇಕು. ಹಾಗೆ ಮಾಡದೆ ಬಿಗಿಯಾಗಿಯೇ ಬಿಟ್ಟರೆ ಗಾಲಿ ಪೂರ್ತಿ ಹೊರಳುವ ಮೊದಲೇ ತಿರುಪಿನ ತಳ ಮುಟ್ಟಿ, ಹೊಚ್ಚ ಹೊಸ ದಂಡವೂ ಮುರಿಯುವ ಸಂಭವವುಂಟು. ಹೊಸ ಟ್ರನಿಯನ್ ಕೊಂಡಾಗ, ಅದರ ಬುಡದ ಬಿಲ್ಲೆ ಸೋರುವುದೇ ಎಂದು ಪರೀಕ್ಷಿಸಲು ಒಂದು ಸುಲಭೋಪಾಯವಿದೆ. ಎಣ್ಣೆ ತುಂಬಿ ಹಳೆಯ ಪತ್ರಿಕೆಯ ಮೇಲೆ ರಾತ್ರಿಯೆಲ್ಲ ಇಡಬೇಕು. ಬೆಳಗಾಗುವಾಗ ಕಾಗದದಲ್ಲಿ ಎಣ್ಣೆಯ ಕಲೆಯಿದ್ದರೆ ಅಂಗಡಿಗೆ ಹಿಂದಿರುಗಿಸಬೇಕು. (ನಮ್ಮ ಮಾಸಪತ್ರಿಕೆಯನ್ನು ಈ ಕೆಲಸಕ್ಕೆ ಬಳಸಬಾರದೆಂದು ವಿನಂತಿ.)

ಪ್ರಸಂಗವಶಾತ್ ಒಂದು ಮಾತು. ಟ್ರಯಂಫಿನ ಈ ಮುಂಗಾಲಿಯ ರಚನೆ ಕೇವಲ ಅಗ್ಗದ ಗಾಡಿಗಳದೆಂದು ಯಾರೂ ಹಗುರವಾಗಿ ಎಣಿಸಬೇಕಾಗಿಲ್ಲ. ಚುಕ್ಕಾಣಿಯ ಇಂಪಿಗೆ ಹೆಸರಾದ ಲೋಟಸ್ ಎಲಾನ್ ಗಾಡಿಗೂ ಇದೇ ಕುಟುಂಬದ ನಿಲುದಂಡ, ಟ್ರನಿಯನ್ನುಗಳನ್ನೇ ಹಾಕಿದ್ದರು. ಅನೇಕ ಸಣ್ಣ ಪಂದ್ಯದ ಕಾರುಗಳ ನಿರ್ಮಾಪಕರೂ ಹೆರಾಲ್ಡಿನ ಬಿಡಿಭಾಗಗಳನ್ನು ಕೊಂಡೊಯ್ದು ಬಳಸಿದರು. ರಚನೆ ಹಗುರ, ಸರಳ, ನಿಖರ. ಅದು ಬೇಡಿದ್ದು ಎಣ್ಣೆಯೊಂದನ್ನೇ.

ಕೀಲು ಬಿಗಿಯಾಗುತ್ತಿರುವ ಸೂಚನೆ ಮೊದಲೇ ಸಿಗುತ್ತದೆ. ತಿರುವು ಮುಗಿದ ಮೇಲೆ ಕೈ ಸಡಿಲಬಿಟ್ಟರೆ ಚಕ್ರ ತಾನಾಗಿಯೇ ನೇರಕ್ಕೆ ಬರಬೇಕು. ಬಾರದೆ ತಿರುಗಿಸಿದಲ್ಲಿಯೇ ನಿಂತರೆ, ಅಥವಾ ಒಂದು ಬದಿಗೆ ಬಂದಷ್ಟು ಸುಲಭವಾಗಿ ಇನ್ನೊಂದು ಬದಿಯಿಂದ ಬಾರದಿದ್ದರೆ ಸಂಶಯ ಪಡಬೇಕು. ಗಾಡಿಯನ್ನೆತ್ತಿ, ಎರಡು ಟೈರಾಡುಗಳನ್ನೂ ಗಾಲಿಯಿಂದ ಕಳಚಿ, ಒಂದೊಂದು ಗಾಲಿಯನ್ನೂ ಕೈಯಿಂದಲೇ ಹೊರಳಿಸಿ ನೋಡಿದರೆ ಯಾವ ಬದಿಯ ಕೀಲು ಹಿಡಿಯುತ್ತಿದೆ ಎಂಬುದು ಅಂಗೈಗೆ ತಿಳಿಯುತ್ತದೆ. ಸವೆದ ಕೀಲನ್ನು ಕಂಡುಹಿಡಿಯಲು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಆಟ ಕಂಡುಬಂದರೆ ಮನೆಯವರೊಬ್ಬರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಬೇಕು. ಬ್ರೇಕ್ ಒತ್ತಿದೊಡನೆ ಆಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ನಿಲ್ಲದಿದ್ದರೆ ಟ್ರನಿಯನ್ನಿನದು ಅಥವಾ ಮೇಲಿನ ಗೋಲಿ ಕೀಲಿನದು. ಬೇರಿಂಗಿನಲ್ಲಿ ಕೂದಲೆಳೆಯಷ್ಟು ಸಡಿಲ ಇರಲೇಬೇಕೆಂಬುದೂ ನೆನಪಿರಲಿ. ಅದನ್ನು ಪೂರ್ತಿ ಬಿಗಿದರೆ ಕಾದು ಕೆಡುತ್ತದೆ. ಟ್ರನಿಯನ್ನು ಕವೆತೋಳಿಗೆ ಸೇರುವ ಕಡೆಯ ನೈಲಾನ್ ಬುಷ್‌ಗಳು ಸವೆದಾಗ ಗುಂಡಿಯಲ್ಲಿ ಕಟಕಟ ಸದ್ದು ಬರುತ್ತದೆ. ಅವು ಅಗ್ಗ; ಬದಲಾಯಿಸಿಬಿಡುವುದೇ ಮೇಲು.

ಇನ್ನು ರ್‍ಯಾಕಿನ ಕಡೆಗೆ ಬರೋಣ. ಷಾಸಿಗೆ ಅದನ್ನು ಎರಡು ಕೊಕ್ಕೆಬೋಲ್ಟುಗಳಿಂದ, ರಬ್ಬರ್ ದಿಂಬುಗಳ ಮೇಲೆ, ಎಂಜಿನ್ನಿನ ಮೂತಿಯ ಕೆಳಗೇ ಕಟ್ಟಿದ್ದಾರೆ. ಈ ಎಂಜಿನ್ನಿಗೋ ಮುಂಬದಿಯ ಸೀಲಿನಿಂದ ಎಣ್ಣೆ ಜಿನುಗುವ ಚಾಳಿ. ಟ್ರನಿಯನ್ನಿಗೆ ಬೇಕಾದ ಎಣ್ಣೆ ಅಲ್ಲಿಗೆ ಹೋಗದೆ, ಬೇಡವಾದ ಈ ರಬ್ಬರಿನ ಮೇಲೆ ವರ್ಷಗಟ್ಟಲೆ ತೊಟ್ಟಿಕ್ಕುತ್ತದೆ. ರಬ್ಬರು ಉಬ್ಬಿ ಹಲಸಿನ ತೊಳೆಯಂತೆ ಮೆದುವಾಗುತ್ತದೆ. ಆಮೇಲೆ ಚಕ್ರ ತಿರುಗಿಸಿದರೆ ಮೊದಲು ರ್‍ಯಾಕೇ ಒಂದಿಷ್ಟು ಪಕ್ಕಕ್ಕೆ ಸರಿದು, ಅನಂತರ ಗಾಲಿ ಹೊರಳುತ್ತದೆ. ರಸ್ತೆಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಚಾಲಕನಿಗೆ ತನ್ನ ಮಾತನ್ನು ಗಾಡಿ ಒಂದು ಕ್ಷಣ ತಡವಾಗಿ ಕೇಳಿಸಿಕೊಳ್ಳುತ್ತಿದೆ ಎನಿಸುತ್ತದೆ. ಪರೀಕ್ಷೆ ಸುಲಭ. ಗಾಲಿಗಳು ನೆಲದ ಮೇಲಿರುವಾಗಲೇ ಒಬ್ಬರು ಚಕ್ರವನ್ನು ಎಡಬಲಕ್ಕೆ ಸ್ವಲ್ಪಸ್ವಲ್ಪವೇ ಆಡಿಸಲಿ, ಇನ್ನೊಬ್ಬರು ಬಾನೆಟ್ ತೆರೆದು ನೋಡಲಿ. ಈ ಗಾಡಿಯ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಇಂಥ ನೋಟಕ್ಕೆ ಇದರಷ್ಟು ಅನುಕೂಲವಾದ ಗಾಡಿ ಬೇರೊಂದಿಲ್ಲ. ರ್‍ಯಾಕ್ ಅಲುಗಿದರೆ ಹೊಸ ರಬ್ಬರು ಹಾಕಿಸಬೇಕು. ರಬ್ಬರಿನ ಬದಲು ಅಲ್ಯೂಮಿನಿಯಂ ದಿಂಬುಗಳನ್ನು ಹಾಕುವ ರೂಢಿಯೂ ಇದೆ. ಚುಕ್ಕಾಣಿ ಅದರಿಂದ ಚುರುಕಾಗುವುದು ನಿಜವಾದರೂ, ನಮ್ಮ ರಸ್ತೆಗಳ ಪೆಟ್ಟೆಲ್ಲ ಮಣಿಕಟ್ಟಿಗೇ ಬರುವುದರಿಂದ ರಬ್ಬರೇ ವಾಸಿಯೆಂದು ನಮ್ಮ ಮತ.

ರ್‍ಯಾಕಿನ ಹಲ್ಲು ನಡುಭಾಗದಲ್ಲಿ ಹೆಚ್ಚು ಸವೆಯುತ್ತದೆ; ಗಾಡಿ ಬಹುಕಾಲ ನೇರವಾಗಿ ಓಡುವುದು ತಾನೆ? ನಡುವಿನ ಸಡಿಲವನ್ನು ತೆಗೆಯಲೆಂದು ಅದರ ಒತ್ತುಗುಂಡಿಯನ್ನು ಬಿಗಿದರೆ, ಸವೆಯದ ಕೊನೆಗಳಲ್ಲಿ ರ್‍ಯಾಕ್ ಹಿಡಿದುಕೊಳ್ಳುತ್ತದೆ. ನೇರದಲ್ಲಿ ಸಡಿಲ, ತಿರುವಿನಲ್ಲಿ ಬಿಗಿ ಎಂಬ ಸ್ಥಿತಿಗೆ ಬಂದ ರ್‍ಯಾಕನ್ನು ಬದಲಾಯಿಸುವುದಲ್ಲದೆ ಬೇರೆ ದಾರಿಯಿಲ್ಲ. ಅದರ ಎರಡು ತುದಿಗಳ ರಬ್ಬರ್ ತಿದಿಚೀಲಗಳು ಹರಿದರೆ ಧೂಳೂ ನೀರೂ ಒಳಸೇರಿ ಒಳಗಿನ ಗೋಲಿಗಳನ್ನು ತಿನ್ನುತ್ತವೆ. ಬಿರುಕು ಮಡಿಕೆಗಳ ಒಳಗೆ ಅಡಗಿರುವುದರಿಂದ ಗಾಲಿಯನ್ನು ಪೂರ್ತಿ ಹೊರಳಿಸಿ, ಚೀಲ ಹಿಗ್ಗಿದಾಗ ನೋಡಬೇಕು. ರ್‍ಯಾಕಿಗೆ ಮಾತ್ರ ಗ್ರೀಸೇ ಹಾಕತಕ್ಕದ್ದು, ಅದೂ ಗನ್ನಿನ ನಾಲ್ಕೈದು ಒತ್ತು ಮಾತ್ರ. ಹೆಚ್ಚು ತುಂಬಿದರೆ ಗಾಲಿ ಹೊರಳಿದಾಗ ಚೀಲ ಒಡೆಯುತ್ತದೆ. ಒಂದು ಮೊಳದ ಅಂತರದಲ್ಲಿ ಒಂದಕ್ಕೆ ಎಣ್ಣೆ, ಒಂದಕ್ಕೆ ಗ್ರೀಸ್ ಎಂಬ ಈ ಏರ್ಪಾಡು ಗೊಂದಲಕ್ಕೆ ಎಡೆಯೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಚುಕ್ಕಾಣಿ ದಂಡದ ದೋಷಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವು. ಮೇಲಿನ ಬುಷ್ ಸವೆದರೆ ಚಕ್ರ ಮೇಲೆ ಕೆಳಗೆ ಆಡುತ್ತದೆ. ಇದು ಕಿರಿಕಿರಿ, ಅಪಾಯವಲ್ಲ. ದಂಡ ಎರಡು ತುಂಡಿನದಾಗಿದ್ದು, ಡಿಕ್ಕಿಯಾದಾಗ ಒಂದರೊಳಗೊಂದು ಜಾರಿ ಚಾಲಕನ ಎದೆಗೆ ಚುಚ್ಚದಿರಲೆಂದು ನಡುವೆ ಒಂದು ಹಿಡಿಕೆಪಟ್ಟಿಯಿಂದ ಹಿಡಿಸಿದ್ದಾರೆ. ಆ ಕಾಲಕ್ಕೆ ಇದು ಮುಂದಾಲೋಚನೆಯ ಏರ್ಪಾಡು. ಆದರೆ ಆ ಪಟ್ಟಿಯ ಬೋಲ್ಟುಗಳೂ ಮೊಳೆತಿರುಪೂ ಸಡಿಲವಾದರೆ ಅಲ್ಲಿಯೇ ಆಟ ಹುಟ್ಟುತ್ತದೆ. ಕೆಳಗಿನ ರಬ್ಬರ್ ಜೋಡಣೆ ಎಂಜಿನ್ನಿನ ಕಾವಿಗೂ ಎಣ್ಣೆಗೂ ಸಿಕ್ಕಿ ಬಿರಿಯುತ್ತದೆ. ಇಲ್ಲೊಂದು ವಿನೋದವುಂಟು. ಹಾರ್ನಿನ ವಿದ್ಯುತ್ತು ಚುಕ್ಕಾಣಿ ದಂಡದ ಮೂಲಕವೇ ಷಾಸಿಗೆ ಇಳಿಯಬೇಕು. ರಬ್ಬರಿನಲ್ಲಿ ವಿದ್ಯುತ್ತು ಹರಿಯದ ಕಾರಣ ಜೋಡಣೆಯ ಎರಡು ಬದಿಗೂ ಒಂದು ಸಣ್ಣ ತಂತಿ ಹಾಸಿದ್ದಾರೆ. ಜೋಡಣೆ ಜೋಲಾಡತೊಡಗಿದರೆ ಆ ತಂತಿಯೂ ತುಂಡಾಗಬಹುದು. ಹಾರ್ನು ಮೂಕವಾದ ಸ್ಪಿಟ್‌ಫೈರಿನಲ್ಲಿ ಹಾರ್ನನ್ನು ಬಿಚ್ಚುವ ಮೊದಲು ಈ ಜೋಡಣೆಯನ್ನು ನೋಡುವುದು ಜಾಣತನ. ಜೋಡಣೆಯನ್ನು ಪಿನಿಯನ್ನಿಗೆ ಹಿಡಿದಿರುವ ಕಚ್ಚುಬೋಲ್ಟು ಪಿನಿಯನ್ನಿನ ಗಾಡಿಯಲ್ಲಿ ಕೂತಿದೆಯೇ, ಬಿಗಿಯಾಗಿದೆಯೇ ಎಂಬುದನ್ನು ಮಾತ್ರ ಎರಡು ಸಲ ನೋಡಬೇಕು. ಎತ್ತಿನ ಬಂಡಿಗೆ ಕಡಾಣಿ ಹೇಗೋ ಇದಕ್ಕೆ ಆ ಬೋಲ್ಟು ಹಾಗೆ.

ಟೈರಾಡಿನ ಹೊರತುದಿಯ ಗೋಲಿ ಕೀಲುಗಳು ಎಲ್ಲ ಗಾಡಿಗಳಲ್ಲಿಯೂ ಸವೆಯತಕ್ಕವೇ. ಗಾಲಿಯನ್ನು ಎಡಬಲಗಳಲ್ಲಿ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಹೊಸದನ್ನು ಹಾಕಿದಾಗ ನೈಲಾನ್ ಕಂಠದ ನಟ್ಟೂ ಹೊಸದಾಗಿರಬೇಕು. ಎರಡೂ ಬದಿಯಲ್ಲಿ ಸಮನಾದ ಸುತ್ತು ತಿರುಪದಿದ್ದರೆ ಒಂದು ಬದಿಗೆ ಹೆಚ್ಚು, ಇನ್ನೊಂದಕ್ಕೆ ಕಡಮೆ ಹೊರಳುವ ಗಾಡಿಯಾಗುತ್ತದೆ. ಮುಂಗಾಲಿಗಳ ಒಳಬಾಗು 1/16 ಅಂಗುಲವನ್ನು ಮೀರಬಾರದು. ಮೀರಿದರೆ ಟೈರಿನ ಅಂಚು ಗರಿಯಂತೆ ಏಳುತ್ತದೆ. ಟೈರುಗಳ ಮಾತು ಬಂದದ್ದರಿಂದ ಹೇಳಬೇಕು: ಮೊದಲ ಸ್ಪಿಟ್‌ಫೈರ್‌ಗಳಿಗಿದ್ದುದು 5.20-13 ಅಳತೆಯ ಸಣ್ಣ ಟೈರು. ಚೆಂದಕ್ಕೆಂದು ಅಗಲವಾದ ಟೈರು ತೊಡಿಸಿದವರು ಚುಕ್ಕಾಣಿ ಭಾರವೆಂದು ಗೊಣಗುತ್ತಾರೆ. ಆ ಭಾರವೆಲ್ಲ ಅದೇ ಟ್ರನಿಯನ್ನಿನ ಕತ್ತಿಗೆ ಬೀಳುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಚಕ್ರ ನಡುಗಿ, ವೇಗ ಬದಲಾದೊಡನೆ ನಿಲ್ಲುವುದಾದರೆ ಮೊದಲು ಗಾಲಿಗಳ ಸಮತೋಲ ನೋಡಿಸಬೇಕು. ಕಾಯಿಲೆ ಅಲ್ಲಿರುವಾಗ ರ್‍ಯಾಕನ್ನು ಬಿಚ್ಚಿಸಿ ದುಡ್ಡು ಕಳೆಯಬಾರದು.

ಇದನ್ನೆಲ್ಲ ಮಾಲೀಕನೇ ನೋಡಿಕೊಳ್ಳಬೇಕಾದ ಕಾಲ ಈಗ ಬಂದಿದೆ. ಬ್ರಿಟನ್ನಿನಲ್ಲಿ ಮೋಟಾರುಗಳಿಗೆ ವರ್ಷಕ್ಕೊಮ್ಮೆ ಎಂ.ಓ.ಟಿ. ಎಂಬ ಕಡ್ಡಾಯ ಪರೀಕ್ಷೆಯುಂಟು. ಪರೀಕ್ಷಕ ಗಾಲಿಯನ್ನು ಅಲ್ಲಾಡಿಸಿ ನೋಡುತ್ತಿದ್ದ. 2018ರ ಮೇ ತಿಂಗಳಿಂದ, ನಲವತ್ತು ವರ್ಷ ಮೀರಿದ, ಮೂಲರೂಪ ಹೆಚ್ಚು ಬದಲಾಗದ ಗಾಡಿಗಳಿಗೆ ಅಲ್ಲಿ ಆ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಕೊನೆಯ ಸ್ಪಿಟ್‌ಫೈರೂ ಈಗ ಆ ವಯಸ್ಸನ್ನು ದಾಟಿದೆ. ನಮ್ಮ ದೇಶದಲ್ಲಿ 2021ರಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ಮೀರಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು. ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ ಮುಂತಾದವಕ್ಕೆ ಮಾತ್ರ. ಮದರಾಸಿನ ಹೆರಾಲ್ಡುಗಳೆಲ್ಲ ಈ ಅಂಚನ್ನು ಮುಟ್ಟಿವೆ ಅಥವಾ ದಾಟಿವೆ. ವರ್ಷವೆಲ್ಲ ಮುಸುಕಿನಡಿ ನಿಂತು, ರ್‍ಯಾಲಿಯ ದಿನ ಒಮ್ಮೆಗೇ ನೂರು ಮೈಲಿ ಓಡುವ ಗಾಡಿಯ ಕೀಲುಗಳಲ್ಲಿ ಎಣ್ಣೆ ಇಳಿದುಹೋಗಿರುವ ಸಂಭವ ದಿನವೂ ಓಡುವುದಕ್ಕಿಂತ ಹೆಚ್ಚು.

ಬಹುಕಾಲ ನಿಂತ ಗಾಡಿಯನ್ನು ಎಬ್ಬಿಸುವವರು ಎಂಜಿನ್ನಿಗೆ ಕೈ ಹಾಕುವ ಮೊದಲು ಎರಡೂ ನಿಲುದಂಡಗಳನ್ನು ಬಿಚ್ಚಿ ತೊಳೆದು ನೋಡಲಿ. ಹಿಂದಿನ ಯಜಮಾನರು ಎಣ್ಣೆಯನ್ನೇ ಹಾಕುತ್ತಿದ್ದರೆಂಬ ಮಾತನ್ನು ಕೇಳಿ ಸುಮ್ಮನಾಗಬಾರದು. ಬಿಡಿಭಾಗಗಳು ಇಂಗ್ಲೆಂಡಿನಿಂದ ಇಂದಿಗೂ ದೊರೆಯುತ್ತವೆ. ಹೊಸದಾಗಿ ಎರಕಹೊಯ್ದವುಗಳ ಗುಣ ಒಂದೇ ತೆರನಾಗಿಲ್ಲ. ತುಕ್ಕು ಮುಟ್ಟದ ಹಳೆಯ ದಂಡವೊಂದು ಪರೀಕ್ಷೆಯಲ್ಲಿ ಗೆದ್ದರೆ ಅದನ್ನೇ ಉಳಿಸಿಕೊಳ್ಳಬಹುದು. 1977ರಿಂದ ನಡೆದುಬಂದಿರುವ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಮುಂತಾದ ಮಾಲೀಕರ ಸಂಘಗಳು ಈ ಗಾಡಿಗಳ ವಿಚಾರದಲ್ಲಿ ಬಹಳ ಅನುಭವವನ್ನು ಕೂಡಿಹಾಕಿವೆ.

ಸ್ಪಿಟ್‌ಫೈರಿನ ಹಿಂಗಾಲಿಗಳಿಗೂ ಒಂದು ಕಥೆಯಿದೆ. ತಿರುವಿನಲ್ಲಿ ಥಟ್ಟನೆ ವೇಗ ಇಳಿಸಿದರೆ ಅವು ಒಳಕ್ಕೆ ಮಡಿಚಿಕೊಳ್ಳುತ್ತಿದ್ದುದು, 1970ರ ನಾಲ್ಕನೆಯ ಮಾದರಿಯಲ್ಲಿ ಸ್ಪ್ರಿಂಗಿನ ರಚನೆ ಬದಲಾಯಿಸಿ ಅದನ್ನು ಪಳಗಿಸಿದುದು, ಮದರಾಸಿನವರು 1972ರ ಗೆಜೆಲ್ ಗಾಡಿಯಲ್ಲಿ ಆ ಹಿಂಬದಿಯನ್ನೇ ಕೈಬಿಟ್ಟು ಗಟ್ಟಿ ಅಚ್ಚನ್ನು ಹಾಕಿದುದು, ಇವೆಲ್ಲ ಮುಂದಿನ ಸಂಚಿಕೆಗೆ.